ನಾರಾದಿಂದ ಟೋಕಿಯೊಗೆ, ಶತಮಾನಗಳ ಕ್ರಮದಲ್ಲಿ

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಜಪಾನ್ ಪ್ರವಾಸವನ್ನು ಕುರಿತು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದಿರುವ ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೂ ನೆರವಾಗುವಂತಿರುವುದರಿಂದ, ಪತ್ರ ಬರೆದವರು ಎಲ್ಲ ಉತ್ತರಗಳನ್ನೂ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾನು, ನನ್ನ ಯಜಮಾನರು, ಅತ್ತೆಯವರು ಮತ್ತು ಒಂಬತ್ತನೇ ತರಗತಿಯಲ್ಲಿ ಓದುವ ಮಗ ದಸರಾ ರಜೆಗೆ ಹೊಂದಿಸಿಕೊಂಡು ಎರಡು ವಾರ ಜಪಾನಿಗೆ ಹೋಗಬೇಕೆಂದಿದ್ದೇವೆ. ಟ್ರಾವೆಲ್ಸ್‌ನವರು ಹತ್ತು ದಿನಗಳಲ್ಲಿ ಎಂಟು ಊರು ತೋರಿಸುವ ಪಟ್ಟಿ ಕೊಟ್ಟಿದ್ದಾರೆ. ನನಗೆ ಇತಿಹಾಸದಲ್ಲಿ ಆಸಕ್ತಿ, ಮಗನಿಗೆ ಅಲ್ಲಿಯ ಚಿತ್ರಕಥೆ ಪುಸ್ತಕಗಳಾದ ಮಾಂಗಾ ಮತ್ತು ಅನಿಮೇಷನ್ ಚಿತ್ರಗಳಾದ ಅನಿಮೆಯ ಹುಚ್ಚು. ಯಾವ ಊರುಗಳನ್ನು ಯಾವ ಕ್ರಮದಲ್ಲಿ ನೋಡಬೇಕು?
(ಶಿಕ್ಷಕಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಆ ಪಟ್ಟಿಯನ್ನು ದಯವಿಟ್ಟು ಬದಿಗಿಡಿ. ಊರು ಬದಲಿಸಿದಾಗಲೆಲ್ಲ ಕೋಣೆ ಖಾಲಿ ಮಾಡುವುದು, ಸಾಮಾನು ಹೊರುವುದು, ಹೊಸ ಊರಿನಲ್ಲಿ ದಾರಿ ಹುಡುಕುವುದು ಇವುಗಳಲ್ಲೇ ಅರ್ಧ ದಿನ ಕಳೆದುಹೋಗುತ್ತದೆ. ಎಂಟು ಊರಿನ ಪಟ್ಟಿಯಲ್ಲಿ ನಿಮಗೆ ಉಳಿಯುವುದು ರೈಲು ನಿಲ್ದಾಣಗಳ ನೆನಪು ಮಾತ್ರ. ಎರಡು ವಾರಕ್ಕೆ ನಾಲ್ಕು ತಂಗುದಾಣಗಳು ಸಾಕು. ಕ್ಯೋಟೊದಲ್ಲಿ ಐದು ಅಥವಾ ಆರು ರಾತ್ರಿ, ಹಿರೋಶಿಮಾದಲ್ಲಿ ಎರಡು, ನಾಗೋಯಾದಲ್ಲಿ ಒಂದು, ಉಳಿದ ರಾತ್ರಿಗಳೆಲ್ಲ ಟೋಕಿಯೊದಲ್ಲಿ. ನಾರಾ, ಒಸಾಕಾ, ಹಿಮೆಜಿ ಈ ಮೂರನ್ನೂ ಕ್ಯೋಟೊದಿಂದ ಬೆಳಿಗ್ಗೆ ಹೊರಟು ಸಂಜೆಗೆ ಹಿಂದಿರುಗುವಂತೆ ನೋಡಬಹುದು.

ಕ್ರಮದ ವಿಷಯದಲ್ಲಿ ನನ್ನ ಸಲಹೆ ರೂಢಿಗೆ ವಿರುದ್ಧವಾದುದು. ಹೆಚ್ಚಿನವರು ಟೋಕಿಯೊದಲ್ಲಿ ಇಳಿದು ಪಶ್ಚಿಮದ ಕಡೆಗೆ ಹೊರಡುತ್ತಾರೆ. ಆದರೆ ಇತಿಹಾಸ ತಿಳಿಯಬೇಕೆಂಬ ಆಸೆ ಇರುವವರು ರಾಜಧಾನಿ ಸರಿದ ದಿಕ್ಕಿನಲ್ಲೇ ಸರಿಯುವುದು ಮೇಲು. 710ರಲ್ಲಿ ನಾರಾ ರಾಜಧಾನಿಯಾಯಿತು. 794ರಲ್ಲಿ ಆ ಪಟ್ಟ ಕ್ಯೋಟೊಗೆ ಹೋಗಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚಕ್ರವರ್ತಿಯ ಅರಮನೆ ಅಲ್ಲೇ ಉಳಿಯಿತು. 1603ರಲ್ಲಿ ತೊಕುಗವ ಇಯೆಯಾಸು ಶೋಗನ್, ಅಂದರೆ ದೇಶವನ್ನಾಳುವ ಸೇನಾಧಿಪತಿ, ಆದಾಗ ಆಡಳಿತದ ಬಲ ಎದೊ ಎಂಬ ಊರಿಗೆ ಹೋಯಿತು. 1868ರಲ್ಲಿ ಅದೇ ಎದೊ ಟೋಕಿಯೊ ಎಂಬ ಹೆಸರು ಪಡೆಯಿತು. ಆದ್ದರಿಂದ ಸಿಂಗಪುರ ಅಥವಾ ಬ್ಯಾಂಕಾಕ್ ಮಾರ್ಗವಾಗಿ ಒಸಾಕಾದ ಕನ್ಸಾಯಿ ನಿಲ್ದಾಣದಲ್ಲಿ ಇಳಿದು, ಮರಳುವಾಗ ಟೋಕಿಯೊ ಬಳಿಯ ನರಿತಾದಿಂದ ಬೆಂಗಳೂರಿಗೆ ಬರುವಂತೆ ಟಿಕೆಟ್ ಮಾಡಿಸಿ. ಹೀಗೆ ಮಾಡಿದರೆ ಹೋದ ದಾರಿಯಲ್ಲೇ ಹಿಂದಿರುಗುವ ರೈಲು ಖರ್ಚೂ ಉಳಿಯುತ್ತದೆ.

ನಾರಾಕ್ಕೆ ಪೂರ್ತಿ ಒಂದು ದಿನ ಕೊಡಿ. ಅದನ್ನು ಜಿಂಕೆಗಳ ಊರೆಂದು ಎರಡು ಗಂಟೆಯಲ್ಲಿ ಮುಗಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಭಾರತದಿಂದ ಹೋದವರಿಗೆ ಜಪಾನಿನಲ್ಲಿ ಇಷ್ಟು ಹತ್ತಿರವಾಗುವ ಸ್ಥಳ ಇನ್ನೊಂದಿಲ್ಲ. ನಿಮ್ಮ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಕ್ರಿ.ಪೂ. ಮೂರನೆಯ ಶತಮಾನದಿಂದ ಇದೆ. ಅದಾಗಿ ಸುಮಾರು ಎಂಟು ಶತಮಾನಗಳ ಮೇಲೆ, ಕ್ರಿ.ಶ. ಆರನೆಯ ಶತಮಾನದಲ್ಲಿ, ಬೌದ್ಧಧರ್ಮ ಕೊರಿಯಾದ ಮೂಲಕ ಜಪಾನನ್ನು ಮುಟ್ಟಿತು. ನಾರಾದ ತೊದೈಜಿ ದೇವಾಲಯದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧನಿದ್ದಾನೆ. 752ರಲ್ಲಿ ಆ ಮೂರ್ತಿಯ ಕಣ್ಣು ಬರೆದು ಪ್ರತಿಷ್ಠೆ ನೆರವೇರಿಸಿದವನು 736ರಲ್ಲಿ ಜಪಾನಿಗೆ ಬಂದಿದ್ದ ಬೋಧಿಸೇನ ಎಂಬ ಭಾರತೀಯ ಭಿಕ್ಷು. ಆತ ಹಿಡಿದ ಕುಂಚವನ್ನು ದೇವಾಲಯದ ಹಿಂದಿನ ಶೊಸೊಇನ್ ಭಂಡಾರದಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಆ ಭಂಡಾರದ ಆಯ್ದ ವಸ್ತುಗಳ ಪ್ರದರ್ಶನ ಪ್ರತಿ ವರ್ಷ ಅಕ್ಟೋಬರ್ ಕೊನೆಯ ಹೊತ್ತಿಗೆ ನಾರಾ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಆರಂಭವಾಗುತ್ತದೆ. ರಜೆಯ ದಿನಗಳು ಅದಕ್ಕೆ ಹೊಂದಿದರೆ ಬಿಡಬೇಡಿ. ಸಮೀಪದಲ್ಲೇ ಇರುವ ಹೊರ್ಯೂಜಿ ದೇವಾಲಯದಲ್ಲಿ ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳಿವೆ.

ಕ್ಯೋಟೊದಲ್ಲಿ ಚಿನ್ನದ ಮಂಟಪವಾದ ಕಿಂಕಾಕುಜಿ, ಬೆಟ್ಟದ ಅಂಚಿನ ಕಿಯೊಮಿಜು, ಸಾಲು ಸಾಲು ಕೆಂಪು ತೋರಣಗಳ ಫುಶಿಮಿ ಇನಾರಿ ಇವನ್ನು ಯಾರೂ ಹೇಳದೆಯೂ ನೀವು ನೋಡುತ್ತೀರಿ. ಆದರೆ ಅತ್ತೆಯವರನ್ನು ಸಂಜೂಸಂಗೆನ್‌ದೊ ದೇವಾಲಯಕ್ಕೆ ತಪ್ಪದೆ ಕರೆದುಕೊಂಡು ಹೋಗಿ. 120 ಮೀಟರ್ ಉದ್ದದ ಮರದ ಸಭಾಂಗಣದಲ್ಲಿ ಅವಲೋಕಿತೇಶ್ವರನ 1001 ಮೂರ್ತಿಗಳು ಸಾಲಾಗಿ ನಿಂತಿವೆ, ಅವುಗಳ ಮುಂದೆ 28 ರಕ್ಷಕ ದೇವತೆಗಳು. ಅವರಲ್ಲಿ ನಮ್ಮ ಪುರಾಣಗಳಿಂದ ಹೋದ ಬ್ರಹ್ಮ, ಇಂದ್ರ, ಗರುಡ, ವರುಣರಿದ್ದಾರೆ. ಮೆಟ್ಟಿಲು ಹತ್ತುವ ಕಷ್ಟವಿಲ್ಲದ ಈ ಸ್ಥಳದಲ್ಲಿ ಹಿರಿಯರು ತಮಗೆ ಬೇಕಾದಷ್ಟು ಹೊತ್ತು ನಿಲ್ಲಬಹುದು.

ಮಗನ ಆಸಕ್ತಿಯನ್ನು ಟೋಕಿಯೊ ಬರುವವರೆಗೆ ಕಾಯಿಸಬೇಕಾಗಿಲ್ಲ. ಇತಿಹಾಸ ಬೇರೆ, ಇಂದಿನ ಸಂಸ್ಕೃತಿ ಬೇರೆ ಎಂದು ಊರುಗಳನ್ನು ಹಂಚಿಕೊಂಡು ನೋಡುವ ಪದ್ಧತಿಯೇ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ದೇವಾಲಯಗಳ ಊರೆಂದು ಕರೆಯುವ ಕ್ಯೋಟೊದಲ್ಲೇ 2006ರಿಂದ ಅಂತರರಾಷ್ಟ್ರೀಯ ಮಾಂಗಾ ವಸ್ತುಸಂಗ್ರಹಾಲಯವಿದೆ. ಸುಮಾರು ಮೂರು ಲಕ್ಷ ಪುಸ್ತಕ, ಪತ್ರಿಕೆ ಮತ್ತು ವಸ್ತುಗಳ ಆ ಸಂಗ್ರಹದಲ್ಲಿ ಸಾವಿರಾರು ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಅಲ್ಲೇ ಓದಬಹುದು. ಅದಿರುವುದು ತತ್ಸುಇಕೆ ಎಂಬ ಹಳೆಯ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ. ರಾಜಧಾನಿ ಕೈತಪ್ಪಿದ ಮರುವರ್ಷವೇ, ಅಂದರೆ 1869ರಲ್ಲಿ, ಕ್ಯೋಟೊದ ಕೇರಿಕೇರಿಯ ಜನ ಹಣ ಕೂಡಿಸಿ ತಮ್ಮ ಮಕ್ಕಳಿಗಾಗಿ ಶಾಲೆಗಳನ್ನು ಕಟ್ಟಿದರು. ಸರ್ಕಾರ ದೇಶಕ್ಕೆಲ್ಲ ಅನ್ವಯಿಸುವ ಶಿಕ್ಷಣ ವ್ಯವಸ್ಥೆಯನ್ನು ತಂದದ್ದು 1872ರಲ್ಲಿ. ಮಗ ಮಾಂಗಾ ಓದುತ್ತಿರುವಾಗ ಶಿಕ್ಷಕಿಯಾದ ನೀವು ಆ ಶಾಲೆಯ ಕಥೆ ಓದಿಕೊಳ್ಳಬಹುದು. ವಿಡಿಯೊ ಗೇಮ್‌ಗಳಿಗೆ ಹೆಸರಾದ ನಿಂಟೆಂಡೊ ಕೂಡ 1889ರಲ್ಲಿ ಹೂಚಿತ್ರದ ಇಸ್ಪೀಟು ಎಲೆ ತಯಾರಿಸುವ ಅಂಗಡಿಯಾಗಿ ಹುಟ್ಟಿದ್ದು ಕ್ಯೋಟೊದಲ್ಲೇ.

ಟೋಕಿಯೊದಲ್ಲಿ ಅಸಾಕುಸಾದ ಸೆನ್ಸೊಜಿ ದೇವಾಲಯ, ಉಎನೊ ಉದ್ಯಾನದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಮತ್ತು ಅಕಿಹಾಬಾರಾ ಒಂದಕ್ಕೊಂದು ಸಮೀಪದಲ್ಲಿವೆ. ಅಕಿಹಾಬಾರಾ ಇಂದು ಅನಿಮೆ ಅಂಗಡಿಗಳಿಗೆ ಹೆಸರಾಗಿದ್ದರೂ ಎರಡನೆಯ ಮಹಾಯುದ್ಧ ಮುಗಿದ ಮೇಲೆ ರೇಡಿಯೊ ಬಿಡಿಭಾಗ ಮಾರುವವರಿಂದ ಬೆಳೆದ ಪೇಟೆ. ರೈಲು ಹಳಿಯ ಕೆಳಗಿನ ಓಣಿಗಳಲ್ಲಿ ಆ ಸಣ್ಣ ಅಂಗಡಿಗಳು ಈಗಲೂ ಇವೆ. ಅನಿಮೆ ಚಿತ್ರಗಳಿಗೆ ಹೆಸರಾದ ಘಿಬ್ಲಿ ಸ್ಟುಡಿಯೊ ಮಿತಾಕಾದಲ್ಲಿ ನಡೆಸುವ ವಸ್ತುಸಂಗ್ರಹಾಲಯಕ್ಕೆ ಬಾಗಿಲಲ್ಲಿ ಟಿಕೆಟ್ ಸಿಗುವುದಿಲ್ಲ. ಮುಂದಿನ ತಿಂಗಳ ಟಿಕೆಟ್‌ಗಳನ್ನು ಪ್ರತಿ ತಿಂಗಳ 10ರಂದು ಬಿಡುಗಡೆ ಮಾಡುತ್ತಾರೆ, ಬೇಗನೆ ಮುಗಿದುಹೋಗುತ್ತವೆ. ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತಿಸಿಡಿ.

ಪ್ರಶ್ನೆ: ದುರ್ಗದ ಏಳು ಸುತ್ತಿನ ಕೋಟೆಯ ನೆರಳಿನಲ್ಲಿ ಬೆಳೆದವನು ನಾನು. ಜಪಾನಿನ ಕೋಟೆಗಳಲ್ಲಿ ಬಹುತೇಕ ಎಲ್ಲವೂ ಸಿಮೆಂಟಿನಲ್ಲಿ ಮತ್ತೆ ಕಟ್ಟಿದವು ಎಂದು ಕೇಳಿದ್ದೇನೆ. ಮೂಲ ರೂಪದಲ್ಲಿ ಉಳಿದಿರುವುದು ಯಾವುದು?
(ನಿವೃತ್ತ ಇತಿಹಾಸ ಉಪನ್ಯಾಸಕರು, ಚಿತ್ರದುರ್ಗ)

ಉತ್ತರ: ನೀವು ಕೇಳಿರುವುದು ಬಹುಮಟ್ಟಿಗೆ ನಿಜ. 1873ರಲ್ಲಿ, ಶೋಗನ್‌ರ ನಂತರ ಚಕ್ರವರ್ತಿಯ ಹೆಸರಿನಲ್ಲಿ ಆಡಳಿತಕ್ಕೆ ಬಂದ ಮೇಜಿ ಸರ್ಕಾರ ಹಳೆಯ ಕೋಟೆಗಳನ್ನು ರದ್ದುಗೊಳಿಸುವ ಆಜ್ಞೆ ಹೊರಡಿಸಿದಾಗ ಹಲವು ಕೋಟೆಗಳನ್ನು ಕೆಡವಿದರು, ಉಳಿದವುಗಳಲ್ಲಿ ಕೆಲವು 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಒಸಾಕಾ ಕೋಟೆಯ ಗೋಪುರ 1931ರಲ್ಲಿ ಕಟ್ಟಿದ ಕಾಂಕ್ರೀಟಿನದು. ನಾಗೋಯಾದ್ದು 1945ರಲ್ಲಿ ಸುಟ್ಟು 1959ರಲ್ಲಿ ಮತ್ತೆ ಎದ್ದಿತು. ಹಳೆಯ ಕಾಲದ ಪ್ರಧಾನ ಗೋಪುರ ಉಳಿದಿರುವ ಕೋಟೆಗಳು ಇಡೀ ದೇಶದಲ್ಲಿ 12 ಮಾತ್ರ. ಅವುಗಳಲ್ಲಿ ಹಿಮೆಜಿ, ಹಿಕೊನೆ, ಇನುಯಾಮಾ, ಮತ್ಸುಮೊತೊ ಮತ್ತು ಮತ್ಸುಎ ರಾಷ್ಟ್ರೀಯ ನಿಧಿಗಳೆಂಬ ಮಾನ್ಯತೆ ಪಡೆದಿವೆ.

ಒಂದನ್ನೇ ನೋಡಲು ಸಾಧ್ಯವೆಂದಾದರೆ ಹಿಮೆಜಿಗೆ ಹೋಗಿ. ಶಿನ್-ಒಸಾಕಾ ನಿಲ್ದಾಣದಿಂದ ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ, ಅಲ್ಲಿಂದ ನೇರವಾದ ರಸ್ತೆಯಲ್ಲಿ ಇಪ್ಪತ್ತು ನಿಮಿಷದ ನಡಿಗೆ. ಇಂದಿನ ಪ್ರಧಾನ ಗೋಪುರ ಇಕೆದಾ ತೆರುಮಾಸಾ ಎಂಬ ಸಾಮಂತನ ಕಾಲದಲ್ಲಿ, 1609ರಲ್ಲಿ, ಪೂರ್ಣಗೊಂಡಿತು. ಹೊರಗಿನಿಂದ ಐದು ಅಂತಸ್ತಿನಂತೆ ಕಾಣುವ ಅದರೊಳಗೆ ನೆಲಮಾಳಿಗೆ ಸೇರಿ ಏಳು ಅಂತಸ್ತುಗಳಿವೆ. 1945ರಲ್ಲಿ ಸುತ್ತಲಿನ ಪಟ್ಟಣ ಉರಿದರೂ ಕೋಟೆ ಉಳಿಯಿತು. 1993ರಲ್ಲಿ ಹೊರ್ಯೂಜಿಯ ಜೊತೆಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಚಿತ್ರದುರ್ಗದವರು ಹಿಮೆಜಿಯಲ್ಲಿ ನೋಡಬೇಕಾದದ್ದು ಗೋಪುರದ ಚೆಲುವಿಗಿಂತ ಹೆಚ್ಚಾಗಿ ಅದನ್ನು ಮುಟ್ಟುವ ದಾರಿಯನ್ನು. ಹೊರ ಬಾಗಿಲಿನಿಂದ ಗೋಪುರ ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ, ಆದರೆ ದಾರಿ ತಿರುಗಿ ತಿರುಗಿ, ಒಂದೆಡೆ ಗೋಪುರಕ್ಕೆ ಬೆನ್ನು ಹಾಕಿ ನಡೆಯುವಂತೆಯೂ ಮಾಡಿ, ಒಂದಾದ ಮೇಲೊಂದು ಕಿರಿದಾದ ಬಾಗಿಲುಗಳಿಗೆ ತಂದು ನಿಲ್ಲಿಸುತ್ತದೆ. ಉದ್ದಕ್ಕೂ ಗೋಡೆಗಳಲ್ಲಿ ತ್ರಿಕೋನ, ಚೌಕ ಮತ್ತು ದುಂಡನೆಯ ಕಿಂಡಿಗಳಿದ್ದು ಅವುಗಳಿಂದ ಬಾಣ, ಗುಂಡು ಹಾರಿಸಲು ಅನುಕೂಲವಿತ್ತು. ಮೇಲಿನಿಂದ ಕಲ್ಲು ಉರುಳಿಸಲು ಬೇರೆ ತೆರಪುಗಳಿದ್ದವು. ಶತ್ರುವನ್ನು ಇಕ್ಕಟ್ಟಿನಲ್ಲಿ ಸಿಕ್ಕಿಸಿ ಅವನ ಸಂಖ್ಯಾಬಲವನ್ನು ನಿಷ್ಪ್ರಯೋಜಕಗೊಳಿಸುವ ಈ ಲೆಕ್ಕಾಚಾರ ದುರ್ಗದ ತಿರುವುಗಳನ್ನೂ ಓಬವ್ವನ ಕಿಂಡಿಯನ್ನೂ ನೋಡಿದವರಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಎರಡೂ ಕಡೆ ಕಲ್ಲಿನ ಗೋಡೆಗಳನ್ನು ಗಾರೆಯಿಲ್ಲದೆ ಜೋಡಿಸಿದ್ದಾರೆ.

ವ್ಯತ್ಯಾಸವೂ ಅಷ್ಟೇ ಮುಖ್ಯವಾದುದು. ದುರ್ಗಕ್ಕೆ ಬಂಡೆಯೇ ಆಧಾರ, ಜಪಾನಿನ ಕೋಟೆಗೆ ಕಲ್ಲು ಬುಡದಲ್ಲಿ ಮಾತ್ರ, ಮೇಲಿನದೆಲ್ಲ ಮರ. ಅದಕ್ಕೆ ಶತ್ರುವಿಗಿಂತ ದೊಡ್ಡ ಭಯ ಬೆಂಕಿಯದು. ಹಿಮೆಜಿಯ ಗೋಡೆಗಳಿಗೆ, ಸೂರಿನ ಕೆಳಭಾಗಕ್ಕೂ ಬಿಡದೆ, ದಪ್ಪನಾಗಿ ಬಿಳಿಯ ಸುಣ್ಣದ ಗಾರೆ ಬಳಿದಿರುವುದಕ್ಕೆ ಅದೇ ಮುಖ್ಯ ಕಾರಣ. ಇನ್ನೊಂದು ಮಾತನ್ನೂ ಗಮನಿಸಬೇಕು. ಚಿತ್ರದುರ್ಗ ಹೈದರಾಲಿಯ ಮುತ್ತಿಗೆಗಳನ್ನು ಕಂಡು 1779ರಲ್ಲಿ ಬಿದ್ದಿತು. ಇಂದಿನ ಹಿಮೆಜಿ ಗೋಪುರ ಮೇಲೆದ್ದ ಮೇಲೆ ಅದರ ಬಾಗಿಲಲ್ಲಿ ದೊಡ್ಡ ಕಾಳಗವೊಂದೂ ನಡೆಯಲಿಲ್ಲ. ಒಂದು ಕೋಟೆ ಪರೀಕ್ಷೆಗೆ ಒಳಗಾಗಿ ಸೋತಿತು, ಇನ್ನೊಂದು ಪರೀಕ್ಷೆಯೇ ಇಲ್ಲದೆ ಉಳಿಯಿತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಇವೆರಡನ್ನೂ ಹೋಲಿಸಬೇಕು.

ಒಳಗಿನ ಮರದ ಮೆಟ್ಟಿಲುಗಳು ಏಣಿಯಷ್ಟು ಕಡಿದಾಗಿವೆ. ಪಾದರಕ್ಷೆ ಬಿಟ್ಟು, ಅದನ್ನು ಚೀಲದಲ್ಲಿ ಹಿಡಿದುಕೊಂಡೇ ಹತ್ತಬೇಕಾಗುತ್ತದೆ. ಮಂಡಿನೋವಿರುವವರು ಕೆಳಗಿನ ಅಂಗಳದಿಂದಲೇ ನೋಡಿ ತೃಪ್ತರಾಗುವುದು ಒಳ್ಳೆಯದು.

ಪ್ರಶ್ನೆ: ನಮ್ಮ ತಂದೆಯವರು ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಮಗ್ಗದ ವಿಭಾಗದಲ್ಲಿ ದುಡಿದವರು. ಗಿರಣಿಗಳೆಲ್ಲ ಮುಚ್ಚಿದ ಮೇಲೂ ಅವರಿಗೆ ಮಗ್ಗದ ಮಾತು ಬಂದರೆ ಮುಖ ಅರಳುತ್ತದೆ. ಅವರನ್ನು ಜಪಾನಿಗೆ ಕರೆದೊಯ್ಯುತ್ತಿದ್ದೇನೆ. ಅವರಿಗೆಂದೇ ತೋರಿಸಬಹುದಾದ ಸ್ಥಳವಿದೆಯೇ?
(ಇಂಜಿನಿಯರ್, ನಿಟುವಳ್ಳಿ, ದಾವಣಗೆರೆ)

ಉತ್ತರ: ಈ ಪತ್ರ ಓದಿ ಬಹಳ ಸಂತೋಷವಾಯಿತು, ಏಕೆಂದರೆ ಜಪಾನಿನ ಇತ್ತೀಚಿನ ಇತಿಹಾಸವನ್ನು ಅರಿಯಲು ನಿಮ್ಮ ತಂದೆಯವರಿಗಿಂತ ಹೆಚ್ಚಿನ ಅರ್ಹತೆ ಉಳ್ಳವರು ವಿರಳ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದಂತೆ ಒಸಾಕಾವನ್ನು ಪೂರ್ವದೇಶದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಅಲ್ಲಿ 1883ರಲ್ಲಿ ಕೆಲಸ ಆರಂಭಿಸಿದ ಒಸಾಕಾ ನೂಲಿನ ಗಿರಣಿ ಆವಿಯಂತ್ರದಿಂದ ಓಡುತ್ತಿತ್ತು, ಸ್ವಲ್ಪ ಕಾಲದಲ್ಲೇ ವಿದ್ಯುತ್ ದೀಪದ ಬೆಳಕಿನಲ್ಲಿ ರಾತ್ರಿ ಪಾಳಿಯೂ ಶುರುವಾಯಿತು. ಅದರ ಸ್ಥಾಪನೆಯ ಹಿಂದೆ ಇದ್ದ ಶಿಬುಸಾವಾ ಎಯಿಚಿಯ ಮುಖವನ್ನು 2024ರಿಂದ ಚಲಾವಣೆಗೆ ಬಂದ 10,000 ಯೆನ್ ನೋಟಿನ ಮೇಲೆ ನೀವು ಕಾಣುತ್ತೀರಿ. ಆ ಗಿರಣಿಗಳಿಗೆ ಭಾರತದ ಹತ್ತಿ ಬೇಕಾಗಿತ್ತು. 1893ರಲ್ಲಿ ಜೆ.ಎನ್. ಟಾಟಾ ಅವರ ಸಹಯೋಗದಲ್ಲಿ ಜಪಾನಿನ ನಿಪ್ಪೊನ್ ಯೂಸೆನ್ ಹಡಗು ಕಂಪನಿ ಮುಂಬಯಿಯಿಂದ ಜಪಾನಿಗೆ ಹಡಗು ಮಾರ್ಗ ತೆರೆದದ್ದರ ಹಿಂದೆ ಈ ಹತ್ತಿಯ ವ್ಯಾಪಾರವಿತ್ತು. ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋದಾಗ ಕಂಡದ್ದು ಹೀಗೆ ಮೇಲೇಳುತ್ತಿದ್ದ ದೇಶವನ್ನು.

ತಂದೆಯವರನ್ನು ಕರೆದೊಯ್ಯಬೇಕಾದ ಜಾಗ ನಾಗೋಯಾದ ಟೊಯೊಟಾ ಉದ್ಯಮ ಮತ್ತು ತಂತ್ರಜ್ಞಾನ ಸ್ಮಾರಕ ವಸ್ತುಸಂಗ್ರಹಾಲಯ. ಕಾರು ಕಂಪನಿಯ ಪ್ರದರ್ಶನವೆಂದು ತಿಳಿದು ಅನೇಕರು ಇದನ್ನು ಬಿಟ್ಟುಬಿಡುತ್ತಾರೆ, ಆದರೆ ಅದಿರುವುದು ಕೆಂಪು ಇಟ್ಟಿಗೆಯ ಹಳೆಯ ನೇಯ್ಗೆ ಕಾರ್ಖಾನೆಯಲ್ಲಿ, ಅದರ ಒಂದು ಭಾಗವೆಲ್ಲ ನೂಲುವ ಮತ್ತು ನೇಯುವ ಯಂತ್ರಗಳಿಗೇ ಮೀಸಲು. ಬಡಗಿಯ ಮಗನಾಗಿ ಹುಟ್ಟಿದ ಸಕಿಚಿ ಟೊಯೊಡಾ ಮೊದಲು ಮರದ ಕೈಮಗ್ಗವನ್ನು ಸುಧಾರಿಸಿದ, ಆಮೇಲೆ ಯಂತ್ರಮಗ್ಗಗಳನ್ನು ರೂಪಿಸಿದ. 1924ರಲ್ಲಿ ಪೂರ್ಣಗೊಂಡ ಅವನ ಸ್ವಯಂಚಾಲಿತ ಮಗ್ಗ ಓಡುತ್ತಿರುವಾಗಲೇ ಲಾಳಿಯನ್ನು ಬದಲಿಸಿಕೊಳ್ಳುತ್ತಿತ್ತು, ಎಳೆ ತುಂಡಾದರೆ ತಾನೇ ನಿಲ್ಲುತ್ತಿತ್ತು. ಎಳೆ ತುಂಡಾದದ್ದು ಕಣ್ಣಿಗೆ ಬೀಳದೆ ಬಟ್ಟೆ ಕೆಟ್ಟುಹೋಗುವ ಆತಂಕದಲ್ಲಿ ಪಾಳಿಯಿಡೀ ಮಗ್ಗದ ಮುಂದೆ ನಿಂತವರಿಗೆ ಇದರ ಬೆಲೆ ಏನೆಂದು ಬೇರೆಯವರು ಹೇಳಬೇಕಾಗಿಲ್ಲ. 1929ರಲ್ಲಿ ಅದರ ಪೇಟೆಂಟ್ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಕೊಡುವ ಒಪ್ಪಂದವಾಯಿತು. ಗಿರಣಿಯಂತ್ರಗಳಿಗೆ ಜಗತ್ತಿನಲ್ಲೇ ಹೆಸರಾಗಿದ್ದ ಬ್ರಿಟಿಷ್ ಕಂಪನಿಯೊಂದು ಜಪಾನಿನ ಮಗ್ಗಕ್ಕೆ ಹಣ ತೆತ್ತದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಮಗ್ಗದ ಉದ್ಯಮದಿಂದಲೇ ಮಗ ಕಿಯಿಚಿರೊ ಮೋಟಾರು ತಯಾರಿಕೆಗೆ ಕೈಹಾಕಿದ. 1937ರಲ್ಲಿ ಟೊಯೊಟಾ ಮೋಟಾರು ಕಂಪನಿ ಸ್ಥಾಪನೆಯಾಯಿತು.

ಅಲ್ಲಿಯ ಸಿಬ್ಬಂದಿ ಯಂತ್ರಗಳನ್ನು ಓಡಿಸಿ ತೋರಿಸುತ್ತಾರೆ. ಹತ್ತಿಯನ್ನು ಬೆರಳಲ್ಲಿ ಹೊಸೆದು ನೂಲು ತೆಗೆಯುವುದರಿಂದ ಹಿಡಿದು ಇಂದಿನ ಗಾಳಿಯ ಒತ್ತಡದ ಮಗ್ಗದವರೆಗೆ ಎಲ್ಲವೂ ಕ್ರಮವಾಗಿ ಇವೆ. ನಾಗೋಯಾ ನಿಲ್ದಾಣದಿಂದ ಒಂದೇ ನಿಲ್ದಾಣದಾಚೆ ಸಾಕೊ ಎಂಬಲ್ಲಿ ಇಳಿದರೆ ಕೆಲವೇ ನಿಮಿಷದ ನಡಿಗೆ. ಅರ್ಧ ದಿನಕ್ಕಿಂತ ಕಡಿಮೆ ಸಮಯ ಇಟ್ಟುಕೊಂಡು ಹೋಗಬೇಡಿ.

ಹಿರೋಶಿಮಾದ ದಾರಿಯಲ್ಲಿ ಸಿಗುವ ಕುರಾಶಿಕಿಯಲ್ಲೂ ಇಳಿಯುವಂತಾದರೆ 1889ರ ಇಟ್ಟಿಗೆಯ ನೂಲಿನ ಗಿರಣಿಯೊಂದನ್ನು ಕೆಡವದೆ ಹೋಟೆಲಾಗಿ ಉಳಿಸಿಕೊಂಡಿರುವುದನ್ನು ನೋಡಬಹುದು. ಅದೇ ನಗರಕ್ಕೆ ಸೇರಿದ ಕೊಜಿಮಾ ಇಂದು ಜೀನ್ಸ್ ಬಟ್ಟೆಗೆ ಜಪಾನಿನಲ್ಲೆಲ್ಲ ಹೆಸರುವಾಸಿ. ಮುಚ್ಚಿದ ಗಿರಣಿಯ ಕಟ್ಟಡವನ್ನು ಏನು ಮಾಡಬೇಕೆಂಬ ಪ್ರಶ್ನೆ ದಾವಣಗೆರೆಯದೂ ಹೌದಾದ್ದರಿಂದ, ನೋಡಿ ಬಂದ ಮೇಲೆ ನೀವು ಈ ಪತ್ರಿಕೆಗೆ ಬರೆಯಬೇಕೆಂದು ವಿನಂತಿಸುತ್ತೇನೆ.

ಪ್ರಶ್ನೆ: ಹತ್ತು ವರ್ಷದ ಮಗಳನ್ನು ಹಿರೋಶಿಮಾಕ್ಕೆ ಕರೆದೊಯ್ಯುವುದು ಸರಿಯೇ?
(ಚಳ್ಳಕೆರೆಯ ಓದುಗರು)

ಉತ್ತರ: ಕರೆದೊಯ್ಯಿರಿ, ಆದರೆ ಮೊದಲೇ ಮಾತನಾಡಿ ಸಿದ್ಧಗೊಳಿಸಿ. 1945ರ ಆಗಸ್ಟ್ 6ರಂದು ಬೆಳಿಗ್ಗೆ 8.15ಕ್ಕೆ ಬಿದ್ದ ಒಂದೇ ಬಾಂಬಿನಿಂದ ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು 1,40,000 ಜನ ಸತ್ತರೆಂದು ಅಂದಾಜು. ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಅವರ ಬಟ್ಟೆ, ಊಟದ ಡಬ್ಬಿ, ಮೂರು ವರ್ಷದ ಮಗುವೊಂದರ ಮೂರು ಗಾಲಿಯ ಸೈಕಲ್ ಇವೆ. ಸುಟ್ಟ ಗಾಯಗಳ ಚಿತ್ರಗಳೂ ಇವೆ. ಹತ್ತು ವರ್ಷದ ಮಗುವಿಗೆ ಎಲ್ಲವನ್ನೂ ತೋರಿಸಲೇಬೇಕೆಂಬ ಕಡ್ಡಾಯವಿಲ್ಲ. ಹೊರಗಿನ ಉದ್ಯಾನದಲ್ಲಿ, ಬಾಂಬ್ ಬಿದ್ದಾಗ ಎರಡು ವರ್ಷದವಳಾಗಿದ್ದು 1955ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಸದಾಕೊ ಎಂಬ ಬಾಲಕಿಯ ನೆನಪಿಗೆ ಮಕ್ಕಳ ಸ್ಮಾರಕವಿದೆ, ಅದರ ಸುತ್ತ ಶಾಲಾ ಮಕ್ಕಳು ಮಡಿಚಿ ತಂದ ಕಾಗದದ ಕೊಕ್ಕರೆಗಳಿವೆ. ಮಗಳಿಗೆ ಅಲ್ಲಿಂದ ಆರಂಭಿಸಿ, ಅವಳು ಕೇಳಿದಷ್ಟಕ್ಕೆ ಉತ್ತರಿಸಿ. ಬಾಂಬ್ ಬಿದ್ದ ಮೂರನೆಯ ದಿನವೇ ಊರಿನ ಟ್ರಾಮ್ ಒಂದು ಸಣ್ಣ ಮಾರ್ಗದಲ್ಲಿ ಮತ್ತೆ ಓಡಿತು ಎಂಬುದನ್ನೂ ಹೇಳಿ. ಇಂದಿಗೂ ಆ ಊರನ್ನು ಟ್ರಾಮಿನಲ್ಲೇ ಸುತ್ತಬಹುದು. ಮಿಯಾಜಿಮಾ ದ್ವೀಪದ ಇತ್ಸುಕುಶಿಮಾ ದೇಗುಲವನ್ನು ಅದೇ ದಿನ ತುರುಕಬೇಡಿ, ಮರುದಿನಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಜಪಾನ್ ರೈಲ್ ಪಾಸ್ ಕೊಳ್ಳಬೇಕೇ? ದೊಡ್ಡ ಸೂಟ್‌ಕೇಸ್‌ಗಳನ್ನು ರೈಲಿನಲ್ಲಿ ಒಯ್ಯಬಹುದೇ?
(ಕಾಲೇಜು ವಿದ್ಯಾರ್ಥಿ, ಹರಿಹರ)

ಉತ್ತರ: ಮೇಲೆ ಹೇಳಿದಂತೆ ಒಂದೇ ದಿಕ್ಕಿನಲ್ಲಿ ಸಾಗುವವರಿಗೆ ಬೇಡ. 2023ರ ಅಕ್ಟೋಬರಿನಲ್ಲಿ ಏಳು ದಿನದ ಸಾಮಾನ್ಯ ಪಾಸಿನ ದರ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಹಿರೋಶಿಮಾದಿಂದ ಟೋಕಿಯೊಗೆ ಬಿಡಿ ಟಿಕೆಟ್ ಸುಮಾರು 19,000 ಯೆನ್ ಮಾತ್ರ. ಕ್ಯೋಟೊ, ನಾರಾ, ಹಿಮೆಜಿ, ಹಿರೋಶಿಮಾಗಳ ನಡುವೆ ಓಡಾಡಲು ಕನ್ಸಾಯಿ-ಹಿರೋಶಿಮಾ ವಲಯದ ಐದು ದಿನದ ಪಾಸ್ ಇದಕ್ಕಿಂತ ಎಷ್ಟೋ ಅಗ್ಗ. ಹೊರಡುವ ಮುನ್ನ ಆ ಹೊತ್ತಿನ ದರಗಳನ್ನು ನೋಡಿಕೊಳ್ಳಿ.

ಉದ್ದ, ಅಗಲ, ಎತ್ತರ ಕೂಡಿಸಿದರೆ 160 ಸೆಂಟಿಮೀಟರ್ ಮೀರುವ ಪೆಟ್ಟಿಗೆಗಳಿಗೆ ಟೋಕಿಯೊ-ಒಸಾಕಾ-ಹಿರೋಶಿಮಾ ಶಿಂಕಾನ್ಸೆನ್‌ನಲ್ಲಿ ವಿಶೇಷ ಆಸನ ಕಾಯ್ದಿರಿಸಬೇಕು. ಅದಕ್ಕಿಂತ ಹೋಟೆಲಿನವರ ಮೂಲಕ ಪೆಟ್ಟಿಗೆಯನ್ನು ಮುಂದಿನ ಊರಿನ ಹೋಟೆಲಿಗೆ ಕಳುಹಿಸುವುದು ಸುಲಭ; ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ಇನ್ನು 1964ರ ಅಕ್ಟೋಬರ್ 1ರಂದು ಮೊದಲ ಶಿಂಕಾನ್ಸೆನ್ ಹೊರಟ ಹಳಿಯ ಮೇಲೆ ಕ್ಯೋಟೊದಿಂದ ಟೋಕಿಯೊಗೆ ಎರಡೂಕಾಲು ಗಂಟೆ ಸಾಗುವಾಗ ದಯವಿಟ್ಟು ನಿದ್ದೆ ಮಾಡಬೇಡಿ. ಅದು ಬಹುಪಾಲು ಹಳೆಯ ತೊಕಾಯ್ದೊ ಹೆದ್ದಾರಿಯ ದಿಕ್ಕಿನಲ್ಲೇ ಹೋಗುತ್ತದೆ. ಎದೊ ಮತ್ತು ಕ್ಯೋಟೊಗಳ ನಡುವಿನ ಆ ಹೆದ್ದಾರಿಯಲ್ಲಿ 53 ತಂಗುದಾಣಗಳಿದ್ದವು, ನಡೆದು ಹೋಗುವವರಿಗೆ ಸುಮಾರು ಎರಡು ವಾರ ಹಿಡಿಯುತ್ತಿತ್ತು. ಎಡಗಡೆಯ ಕಿಟಕಿಯ ಆಸನ ಕೇಳಿ ಪಡೆಯಿರಿ. ಆಕಾಶ ತಿಳಿಯಾಗಿದ್ದರೆ ಫುಜಿ ಪರ್ವತ ಆ ಕಡೆಗೆ ಕಾಣುತ್ತದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಹೇಗೆ ನಿಭಾಯಿಸುವುದು?
(ಗೃಹಿಣಿ, ಎಂ.ಸಿ.ಸಿ. ಬಡಾವಣೆ, ದಾವಣಗೆರೆ)

ಉತ್ತರ: ಕಷ್ಟ ಮಾಂಸದ್ದಲ್ಲ, ಸಾರಿನದು. ತರಕಾರಿ ಮಾತ್ರ ಕಾಣುವ, ಹುದುಗಿಸಿದ ಸೋಯಾದ ಮಿಸೊ ಸಾರು, ನೂಡಲ್ಸ್ ರಸ, ಬೇಯಿಸಿದ ಪಲ್ಯ ಇವುಗಳಿಗೆಲ್ಲ ಒಣಮೀನಿನ ತುರಿಯಿಂದ ತೆಗೆದ ದಾಶಿ ಎಂಬ ರಸವನ್ನು ಹಾಕುವುದು ವಾಡಿಕೆ. ಮಾಂಸ ಬೇಡವೆಂದರೆ ಇದನ್ನೂ ಬಿಡಬೇಕೆಂದು ಅಡುಗೆಯವರಿಗೆ ಹೊಳೆಯುವುದಿಲ್ಲ. ಆದ್ದರಿಂದ ಮೀನು, ಮಾಂಸ, ಮೊಟ್ಟೆ, ಮೀನಿನ ದಾಶಿ ಯಾವುದೂ ಬೇಡವೆಂದು ಜಪಾನಿ ಲಿಪಿಯಲ್ಲಿ ಬರೆಸಿದ ಚೀಟಿಯನ್ನು ಜೊತೆಗಿಟ್ಟುಕೊಂಡು ತೋರಿಸಿ.

ಬೌದ್ಧ ದೇವಾಲಯಗಳ ಶೋಜಿನ್ ಅಡುಗೆ ನಿಮಗೆ ನಿಶ್ಚಿಂತೆಯ ಊಟ. ಅದರಲ್ಲಿ ಮೀನು, ಮಾಂಸವಷ್ಟೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ; ಕಡಲಪಾಚಿ ಮತ್ತು ಅಣಬೆಯಿಂದ ರಸ ತೆಗೆಯುತ್ತಾರೆ. ಒಂದು ರಾತ್ರಿ ಬಿಡುವಾದರೆ ಒಸಾಕಾದ ದಕ್ಷಿಣಕ್ಕಿರುವ ಕೊಯಾಸಾನ್ ಬೆಟ್ಟಕ್ಕೆ ಹೋಗಿ. 816ರಲ್ಲಿ ಕೂಕಾಯ್ ಎಂಬ ಯತಿ ಸ್ಥಾಪಿಸಿದ ಆ ಕ್ಷೇತ್ರದಲ್ಲಿ ಸುಮಾರು 50 ದೇವಾಲಯಗಳು ಯಾತ್ರಿಕರಿಗೆ ತಂಗಲು ಕೋಣೆ, ಸಂಜೆ ಬೇಗನೆ ಊಟ, ಬೆಳಗಿನ ಪ್ರಾರ್ಥನೆಗೆ ಪ್ರವೇಶ ಕೊಡುತ್ತವೆ. ಕ್ಯೋಟೊದಲ್ಲಿ ನಾನ್‌ಜೆನ್‌ಜಿ ದೇವಾಲಯದ ಸುತ್ತಮುತ್ತ ಬಿಸಿ ತೋಫು ಊಟದ ಹಳೆಯ ಮನೆಗಳಿವೆ, ಅಲ್ಲಿಯೂ ದಾಶಿಯ ಬಗ್ಗೆ ಕೇಳಿ. ದೊಡ್ಡ ನಗರಗಳಲ್ಲೆಲ್ಲ ಭಾರತೀಯ ಹೋಟೆಲುಗಳು ಸಿಗುತ್ತವೆ.

ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ ಒಯ್ದರೆ ರೈಲು ಪ್ರಯಾಣದ ದಿನಗಳು ಸುಲಭವಾಗುತ್ತವೆ. ಹಸಿಯಾದ ಹಣ್ಣು, ತರಕಾರಿ, ಹಸಿಮೆಣಸಿನಕಾಯಿ, ಕರಿಬೇವಿನ ಸೊಪ್ಪನ್ನು ಮಾತ್ರ ಚೀಲಕ್ಕೆ ಹಾಕಬೇಡಿ. ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ತಂದವುಗಳನ್ನು ವಿಮಾನ ನಿಲ್ದಾಣದಲ್ಲಿ ಒಳಗೆ ಬಿಡುವುದಿಲ್ಲ. ಒಣ ತಿಂಡಿಗಳಿಗೂ ಆ ಹೊತ್ತಿನ ನಿಯಮವೇನೆಂದು ಪ್ರಯಾಣಕ್ಕೆ ಮೊದಲು ನೋಡಿಕೊಂಡು, ಏನೇನು ತಂದಿದ್ದೀರೆಂಬುದನ್ನು ಇಳಿದಾಗ ತುಂಬುವ ಘೋಷಣಾ ಪತ್ರದಲ್ಲಿ ಬರೆಯಿರಿ.